ತಾರೀಕನ್ನು ಊಹೆಗೆ ಬಿಡಬೇಡಿ: ಶೆಲ್ ಸ್ಕ್ರಿಪ್ಟಿನಲ್ಲಿ ದಿನ, ವೇಳೆ ಬದಲಿಸುವ ಬಗೆ

ಏಪ್ರಿಲ್ ತಿಂಗಳ ಬಿಲ್ಲುಗಳ ಫೈಲು ನನ್ನ ಕೈಗೆ ಬಂದಿತ್ತು. ಕಾಲಮ್ಮುಗಳ ನಡುವೆ ಕಾಮಾ ಇರುವ ಸಿಎಸ್‌ವಿ ಫೈಲು, ಸಾವಿರಾರು ಸಾಲು. ಮೊದಲ ಕಾಲಮ್ಮಿನಲ್ಲಿ ತಾರೀಕು: 01/04/2024, 02/04/2024, ಹೀಗೆ. ಅವನ್ನೆಲ್ಲ 2024-04-01 ಎನ್ನುವ ರೂಪಕ್ಕೆ ತಂದು ಡೇಟಾಬೇಸಿಗೆ ಹಾಕಬೇಕಿತ್ತು. ಪ್ರತಿ ಸಾಲಿನ ತಾರೀಕನ್ನೂ ಡೇಟ್ ಕಮಾಂಡಿಗೆ ಕೊಟ್ಟು ಹೊಸ ರೂಪ ಪಡೆಯುವ ಒಂದು ಲೂಪ್ ಬರೆದೆ. ಎರರ್‌ಗಳು ಪರದೆ ತುಂಬುವುದು ಬೇಡ ಎಂದು ಅವನ್ನು ಡೆವ್ ನಲ್‌ಗೆ, ಅಂದರೆ ಕಳಿಸಿದ್ದೆಲ್ಲ ಮಾಯವಾಗುವ ಜಾಗಕ್ಕೆ, ಕಳಿಸಿದೆ. ಸ್ಕ್ರಿಪ್ಟ್ ಸಲೀಸಾಗಿ ಓಡಿತು.

ಎರಡು ದಿನ ಬಿಟ್ಟು ಲೆಕ್ಕ ನೋಡುವ ಮೇಡಂ ಬಂದರು. "ಏಪ್ರಿಲಲ್ಲಿ 4ನೇ ತಾರೀಕಿನ ವ್ಯಾಪಾರ ಬಿಟ್ರೆ ಬೇರೆ ಏನೂ ಕಾಣ್ತಿಲ್ಲ. ಡಿಸೆಂಬರ್ ಇನ್ನೂ ಬಂದೇ ಇಲ್ಲ, ಅಲ್ಲಿ ಬಿಲ್ಲು ಹೇಗೆ ಬಂತು?"

ಆದದ್ದು ಇಷ್ಟು. ಲಿನಕ್ಸಿನಲ್ಲಿರುವ ಡೇಟ್ ಕಮಾಂಡ್ ಓರೆಗೆರೆ ಹಾಕಿದ ತಾರೀಕನ್ನು ಅಮೆರಿಕದ ರೂಢಿಯಲ್ಲಿ ಓದುತ್ತದೆ. ಮೊದಲು ತಿಂಗಳು, ಆಮೇಲೆ ದಿನ. ಹಾಗಾಗಿ 01/04 ಜನವರಿ 4 ಆಯಿತು, 02/04 ಫೆಬ್ರವರಿ 4 ಆಯಿತು, 12/04 ಡಿಸೆಂಬರ್ 4 ಆಯಿತು. 04/04 ಮಾತ್ರ ಎರಡೂ ಕಡೆಯಿಂದ ಒಂದೇ ಆದ್ದರಿಂದ ಸರಿಯಾಗಿ ಉಳಿಯಿತು. 13ರಿಂದ 30ರ ತನಕದ ಸಾಲುಗಳಿಗೆ 'ಇನ್‌ವ್ಯಾಲಿಡ್ ಡೇಟ್' ಎಂಬ ಎರರ್ ಬಂದಿತ್ತು. ಅದು ಯಾರ ಕಣ್ಣಿಗೂ ಬೀಳದೆ ಹೋಯಿತು, ಆ ಬಿಲ್ಲುಗಳೂ ಹೋದವು.

ಈ ಲೇಖನ ಬರೆಯಲು ಆ ಏಪ್ರಿಲ್ಲೇ ಕಾರಣ. ತಾರೀಕಿನ ರೂಪ ಬದಲಿಸುವುದು ಕಷ್ಟದ ಕೆಲಸ ಅಲ್ಲ. ಆದರೆ ನಾವು ಹೇಳದೆ ಬಿಟ್ಟದ್ದನ್ನು ಕಮಾಂಡ್ ತಾನೇ ಊಹಿಸುತ್ತದೆ. ಆ ಊಹೆ ಎಲ್ಲೆಲ್ಲಿ ನಡೆಯುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಪಕ್ಕದಲ್ಲಿ ಕೂತವರಿಗೆ ಓದಿ ಹೇಳುವ ಹಾಗೆ ಬರೆಯುತ್ತೇನೆ. 'ಮೈನಸ್ ಡಿ' ಅಂದರೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಇಂಗ್ಲಿಷಿನ ಸ್ಮಾಲ್ ಡಿ. ಕ್ಯಾಪಿಟಲ್, ಸ್ಮಾಲ್ ಎಂದು ಹೇಳಿದ ಕಡೆ ಅದನ್ನು ಗಮನಿಸಿ, ಇಲ್ಲಿ ಅದರಿಂದ ಅರ್ಥವೇ ಬದಲಾಗುತ್ತದೆ.

ನಡುವೆ ಇರುವ ಒಂದು ಸಂಖ್ಯೆ

ಕಂಪ್ಯೂಟರ್ ವೇಳೆಯನ್ನು ತಾರೀಕಾಗಿ ಇಟ್ಟುಕೊಳ್ಳುವುದಿಲ್ಲ. ಸೆಕೆಂಡುಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ವೇಳೆ, ಅದರ ಪ್ರಕಾರ 1970ರ ಜನವರಿ 1ರ ಮಧ್ಯರಾತ್ರಿ ಆ ಎಣಿಕೆಯ ಸೊನ್ನೆ. ಆಗ ನಮ್ಮಲ್ಲಿ ಬೆಳಗಿನ ಜಾವ ಐದೂವರೆ. ಅಲ್ಲಿಂದ ಈಚೆಗೆ ಎಷ್ಟು ಸೆಕೆಂಡು ಕಳೆಯಿತು ಎನ್ನುವ ಸಂಖ್ಯೆಯನ್ನು ಎಪಕ್ ಸೆಕೆಂಡ್ ಅಥವಾ ಯುನಿಕ್ಸ್ ಟೈಮ್ ಅನ್ನುತ್ತಾರೆ. ಅದು ನೂರು ಕೋಟಿ ಮುಟ್ಟಿದ್ದು 2001ರ ಸೆಪ್ಟೆಂಬರ್ 9ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 7 ಗಂಟೆ 16 ನಿಮಿಷ 40 ಸೆಕೆಂಡಿಗೆ. 1970ಕ್ಕಿಂತ ಹಿಂದಿನದಕ್ಕೆ ಮೈನಸ್ ಸಂಖ್ಯೆ. 1947ರ ಆಗಸ್ಟ್ 15ರ ನಮ್ಮ ಮಧ್ಯರಾತ್ರಿಯನ್ನು ಕೇಳಿದರೆ -706339800 ಎಂದು ಬರುತ್ತದೆ.

ಈ ಸಂಖ್ಯೆಯ ಬಲ ಏನೆಂದರೆ, ಅದಕ್ಕೆ ಊರಿಲ್ಲ, ಭಾಷೆಯಿಲ್ಲ, ದಿನ ಮೊದಲೋ ತಿಂಗಳು ಮೊದಲೋ ಎಂಬ ಜಗಳವಿಲ್ಲ. ಮೈಸೂರಿನಲ್ಲೂ ಲಂಡನ್ನಿನಲ್ಲೂ ಈ ಗಳಿಗೆಯ ಸಂಖ್ಯೆ ಒಂದೇ. ಆದ್ದರಿಂದ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ನೇರವಾಗಿ ಹಾರುವ ಯೋಚನೆ ಬಿಡಿ. ಯಾವ ರೂಪ ಬಂದರೂ ಮೊದಲು ಅದನ್ನು ಸಂಖ್ಯೆ ಮಾಡಿ. ಆಮೇಲೆ ಆ ಸಂಖ್ಯೆಯಿಂದ ಬೇಕಾದ ರೂಪ ಬರೆಯಿರಿ. ಹತ್ತು ರೂಪಗಳಿದ್ದರೂ ಕೆಲಸ ಎರಡೇ: ಓದುವುದು, ಬರೆಯುವುದು.

ಗ್ನೂ ಡೇಟ್‌ನಲ್ಲಿ, ಅಂದರೆ ಮಾಮೂಲಿ ಲಿನಕ್ಸಿನಲ್ಲಿ, ಓದಿಸಲು ಮೈನಸ್ ಡಿ. ಅದರ ಮುಂದೆ ಕೋಟ್‌ಗಳ ಒಳಗೆ 2024-04-05 ಎಂದು ಕೊಟ್ಟು, ಪ್ಲಸ್ ಪರ್ಸೆಂಟ್ ಸ್ಮಾಲ್ ಎಸ್ ಹಾಕಿದರೆ ಎಪಕ್ ಸೆಕೆಂಡ್ ಸಿಗುತ್ತದೆ. ತಿರುಗಿ ಬರಲು ಅದೇ ಮೈನಸ್ ಡಿ ಮುಂದೆ @ ಚಿಹ್ನೆ, ಅದಕ್ಕೆ ಅಂಟಿಸಿ ಸಂಖ್ಯೆ. '@1700000000' ಎಂದು ಕೊಟ್ಟರೆ ನಮ್ಮ ವೇಳೆಯಲ್ಲಿ 2023ರ ನವೆಂಬರ್ 15, ಬೆಳಗಿನ ಜಾವ 3:43:20. ಯುಟಿಸಿ ಬೇಕು ಎಂದು ಮೈನಸ್ ಯು ಸೇರಿಸಿದರೆ ನವೆಂಬರ್ 14, ರಾತ್ರಿ 22:13:20. ಗಳಿಗೆ ಒಂದೇ, ತಾರೀಕು ಬೇರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಎಣಿಕೆಯನ್ನು 32 ಬಿಟ್‌ನಲ್ಲಿ ಇಟ್ಟುಕೊಂಡ ಹಳೆಯ ಸಾಧನಗಳಲ್ಲಿ ಅದು 2147483647ಕ್ಕೆ ನಿಲ್ಲುತ್ತದೆ. ಅದು 2038ರ ಜನವರಿ 19, ನಮ್ಮಲ್ಲಿ ಬೆಳಿಗ್ಗೆ 8:44:07. ಈಗಿನ 64 ಬಿಟ್ ಲಿನಕ್ಸಿನಲ್ಲಿ ಆ ಚಿಂತೆ ಇಲ್ಲ.

ಬರೆಯುವ ಕಡೆ

ಬರೆಯುವುದು ಸುಲಭ, ಯಾಕೆಂದರೆ ಇಲ್ಲಿ ಊಹೆ ಇಲ್ಲ. ಪ್ಲಸ್ ಚಿಹ್ನೆಯ ಮುಂದೆ ಪರ್ಸೆಂಟ್ ಅಕ್ಷರಗಳನ್ನು ಜೋಡಿಸಿದರೆ ಹೇಳಿದ್ದನ್ನೇ ಬರೆಯುತ್ತದೆ. ಎಡವುವುದು ಅಕ್ಷರದ ಗಾತ್ರದಲ್ಲಿ. ಸ್ಮಾಲ್ ಎಂ ತಿಂಗಳು, ಕ್ಯಾಪಿಟಲ್ ಎಂ ನಿಮಿಷ. ಸ್ಮಾಲ್ ಎಸ್ ಎಪಕ್ ಸೆಕೆಂಡ್, ಕ್ಯಾಪಿಟಲ್ ಎಸ್ ಗಡಿಯಾರದ ಸೆಕೆಂಡ್. ಸ್ಮಾಲ್ ಡಿ ದಿನ, ಕ್ಯಾಪಿಟಲ್ ಡಿ ಕೊಟ್ಟರೆ ತಿಂಗಳು, ದಿನ, ಎರಡಂಕಿಯ ಇಸವಿ ಎಂಬ ಅಮೆರಿಕದ ಕ್ರಮ. ತಿಂಗಳ ಜಾಗದಲ್ಲಿ ಕ್ಯಾಪಿಟಲ್ ಎಂ ಬರೆದ ಸ್ಕ್ರಿಪ್ಟ್ ಎರರ್ ಕೊಡುವುದಿಲ್ಲ. ಬ್ಯಾಕಪ್ ಫೈಲಿನ ಹೆಸರು 2024-37-05 ಎಂದಾದಾಗ ಗೊತ್ತಾಗುತ್ತದೆ. ಆ ನಿಮಿಷ 12ರ ಒಳಗಿದ್ದರೆ ಅದೂ ಗೊತ್ತಾಗುವುದಿಲ್ಲ.

ಇದಕ್ಕೆ ಒಳ್ಳೆಯ ದಾರಿ ಕ್ಯಾಪಿಟಲ್ ಎಫ್ ಮತ್ತು ಕ್ಯಾಪಿಟಲ್ ಟಿ. ಪರ್ಸೆಂಟ್ ಎಫ್ ಒಂದೇ ಏಟಿಗೆ 2024-04-05 ಬರೆಯುತ್ತದೆ, ಪರ್ಸೆಂಟ್ ಟಿ 14:30:09 ಬರೆಯುತ್ತದೆ. ಇಸವಿ, ತಿಂಗಳು, ದಿನ ಎಂಬ ಈ ಕ್ರಮ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ್ದು. ಫೈಲಿನ ಹೆಸರಿಗೆ, ಲಾಗಿಗೆ, ಡೇಟಾಬೇಸಿಗೆ ಇದೇ ಸಾಕು. ದೊಡ್ಡ ಅಳತೆ ಮೊದಲು ಬರುವುದರಿಂದ ಸುಮ್ನೆ ಅಕ್ಷರಕ್ರಮದಲ್ಲಿ ಸಾರ್ಟ್ ಮಾಡಿದರೂ ಕಾಲಕ್ರಮವೇ ಬರುತ್ತದೆ. ಎರಡು ತಾರೀಕುಗಳಲ್ಲಿ ಯಾವುದು ಮುಂಚೆ ಎಂದು ತಿಳಿಯಲು ಸಂಖ್ಯೆ ಮಾಡುವುದೂ ಬೇಡ, ಬ್ಯಾಶ್ ಎಂಬ ಶೆಲ್‌ನ ಎರಡು ಚೌಕ ಕಂಸದ ಒಳಗೆ ಸ್ಟ್ರಿಂಗ್‌ಗಳನ್ನೇ ಹೋಲಿಸಬಹುದು.

ಇನ್ನೊಂದು ಅಕ್ಷರದ ಬಗ್ಗೆ ಹೇಳಲೇಬೇಕು. ಪರ್ಸೆಂಟ್ ಕ್ಯಾಪಿಟಲ್ ಜಿ ಕೂಡ ಇಸವಿಯನ್ನೇ ಕೊಡುತ್ತದೆ, ವರ್ಷವಿಡೀ ಕ್ಯಾಪಿಟಲ್ ವೈ ಕೊಡುವ ಇಸವಿಯಂತೆಯೇ ಕಾಣುತ್ತದೆ. ಆದರೆ ಅದು ವಾರದ ಲೆಕ್ಕದ ಇಸವಿ. 2024ರ ಡಿಸೆಂಬರ್ 30 ಸೋಮವಾರ. ಆ ವಾರ 2025ರ ಮೊದಲ ವಾರಕ್ಕೆ ಸೇರುತ್ತದೆ. ಹಾಗಾಗಿ ಆ ದಿನ ಪರ್ಸೆಂಟ್ ಜಿ 2025 ಎನ್ನುತ್ತದೆ. ವಾರದ ನಂಬರ್ ಬರೆಯುವಾಗ ಬಿಟ್ಟರೆ ಬೇರೆಲ್ಲೂ ಅದನ್ನು ಮುಟ್ಟಬೇಡಿ.

ಓದುವ ಕಡೆ

ನಿಜವಾದ ಅಪಾಯ ಇರುವುದು ಇಲ್ಲಿ. ಗ್ನೂ ಡೇಟ್ ತನಗೆ ಕೊಟ್ಟ ಸ್ಟ್ರಿಂಗ್ ನೋಡಿ ಅದು ಏನಿರಬಹುದು ಎಂದು ತಾನೇ ತೀರ್ಮಾನಿಸುತ್ತದೆ. 'ಯೆಸ್ಟರ್‌ಡೇ', 'ನೆಕ್ಸ್ಟ್ ಫ್ರೈಡೇ' ಎಂದರೂ ಅರ್ಥ ಮಾಡಿಕೊಳ್ಳುತ್ತದೆ. ಕೂತಲ್ಲೇ ಒಂದು ತಾರೀಕು ಬೇಕೆಂದಾಗ ಅದು ಬಹಳ ಅನುಕೂಲ. ಸ್ಕ್ರಿಪ್ಟಿನಲ್ಲಿ ಅದೇ ತೊಂದರೆ.

ಒಂದೇ ತಾರೀಕಿನ ನಾಲ್ಕು ಬರಹ ನೋಡಿ. 2024-04-05 ಎಂದರೆ ಏಪ್ರಿಲ್ 5, ಸರಿ. 05/04/2024 ಎಂದರೆ ಮೇ 4. 05-04-2024 ಎಂದರೆ ಎರರ್, ಯಾಕೆಂದರೆ ಅಡ್ಡಗೆರೆ ಕಂಡ ಕೂಡಲೇ ಮೊದಲ ಸಂಖ್ಯೆ ಇಸವಿ ಎಂದುಕೊಳ್ಳುತ್ತದೆ, 2024ನೇ ದಿನ ಯಾವ ತಿಂಗಳಲ್ಲೂ ಇಲ್ಲ. ಇನ್ನು 05-04-24 ಎಂದು ಕೊಟ್ಟರೆ ಎರರ್ ಬರುವುದಿಲ್ಲ, 2005ರ ಏಪ್ರಿಲ್ 24 ಬರುತ್ತದೆ. ನಮ್ಮ ಕಡೆ ಎಲ್ಲರೂ ಬರೆಯುವ ರೂಪ ಇದೇ ಅಲ್ವಾ. ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋಗಿರುತ್ತೀರಿ, ಸ್ಕ್ರಿಪ್ಟ್ ಒಂದು ಮಾತೂ ಆಡಿರುವುದಿಲ್ಲ.

ಬರೀ 2024 ಎಂದು ಕೊಟ್ಟರೆ ಅದನ್ನು ಇಸವಿ ಎಂದುಕೊಳ್ಳುವುದೂ ಇಲ್ಲ. ಇವತ್ತಿನ 20 ಗಂಟೆ 24 ನಿಮಿಷ ಎಂದು ಓದುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಖಾಲಿ ಸ್ಟ್ರಿಂಗ್. ಮೈನಸ್ ಡಿ ಮುಂದೆ ಏನೂ ಇಲ್ಲದ ಕೋಟ್‌ಗಳನ್ನು ಕೊಟ್ಟರೆ ಎರರ್ ಬರುವುದಿಲ್ಲ, ಇವತ್ತಿನ ಬೆಳಗಾಗುವ ಮುಂಚಿನ 00:00 ಬರುತ್ತದೆ. ಅದು ಬಗ್ ಅಲ್ಲ, ಮ್ಯಾನುವಲ್ಲಿನಲ್ಲೇ ಹಾಗೆ ಬರೆದಿದೆ. ಆದರೆ ನಿಮ್ಮ ಸಿಎಸ್‌ವಿಯಲ್ಲಿ ಒಂದು ಖಾಲಿ ಖಾನೆ ಇದ್ದರೆ, ಆ ಬಿಲ್ಲಿಗೆ ಇವತ್ತಿನ ತಾರೀಕು ಬಿದ್ದಿರುತ್ತದೆ. ಹಾಗಾಗಿ ಡೇಟ್ ಕಮಾಂಡಿಗೆ ಕೊಡುವ ಮೊದಲು ವೇರಿಯೇಬಲ್ ಖಾಲಿಯೋ ಎಂದು ನೋಡಲೇಬೇಕು.

ಹಾಗಾದರೆ 05/04/2024ನ್ನು ಓದುವುದು ಹೇಗೆ? ನೀವೇ ಬಿಡಿಸಿ ಕೊಡಿ. ಸಾಲನ್ನು ಎಲ್ಲಿ ತುಂಡರಿಸಬೇಕು ಎಂದು ಹೇಳುವ ಐಎಫ್‌ಎಸ್ ಎಂಬ ವೇರಿಯೇಬಲ್ಲಿಗೆ ಓರೆಗೆರೆ ಕೊಟ್ಟು, ರೀಡ್ ಕಮಾಂಡಿನಿಂದ ಮೂರು ವೇರಿಯೇಬಲ್ ತುಂಬಿಸಿಕೊಳ್ಳಿ: ದಿನ, ತಿಂಗಳು, ಇಸವಿ. ಆಮೇಲೆ ಅವನ್ನು ಇಸವಿ, ತಿಂಗಳು, ದಿನ ಎಂದು ಅಡ್ಡಗೆರೆಯಿಂದ ಜೋಡಿಸಿ ಡೇಟ್ ಕೈಗೆ ಕೊಡಿ. ಈಗ ಅದು ಊಹಿಸಲು ಏನೂ ಉಳಿದಿಲ್ಲ. ಅದರ ಕೆಲಸ ಪರೀಕ್ಷೆ ಮಾತ್ರ. 2023-02-30 ಎಂದು ಬಂದರೆ ಆ ತಾರೀಕು ಇಲ್ಲ ಎಂದು ಹೇಳಿ, ಎಕ್ಸಿಟ್ ಕೋಡ್ 1, ಅಂದರೆ ಕೆಲಸ ಆಗಲಿಲ್ಲ ಎಂಬ ಗುರುತು, ಕೊಡುತ್ತದೆ. ಆ ಕೋಡನ್ನು ಇಫ್ ಹಾಕಿ ಹಿಡಿಯಿರಿ. ಕೆಟ್ಟ ಸಾಲುಗಳನ್ನು ಬೇರೆ ಫೈಲಿಗೆ ಬರೆಯಿರಿ. ಡೆವ್ ನಲ್‌ಗೆ ಮಾತ್ರ ಬೇಡ.

ಒಂದು ಲಾಗ್ ಸಾಲು

ವೆಬ್ ಸರ್ವರ್ ಲಾಗಿನ ಒಂದು ಸಾಲನ್ನು ಕೈಗೆತ್ತಿಕೊಳ್ಳೋಣ. ಅಪಾಚೆಯಲ್ಲೂ ಎಂಜಿನ್‌ಎಕ್ಸ್‌ನಲ್ಲೂ ಸಾಮಾನ್ಯವಾಗಿ ವೇಳೆ ಹೀಗಿರುತ್ತದೆ: 05/ಏಪ್ರ/2024:14:30:09 +0530. ಇಲ್ಲಿ ಏಪ್ರ ಎಂದು ಬರೆದದ್ದು ಲಾಗಿನಲ್ಲಿ ಇಂಗ್ಲಿಷಿನ ಮೂರಕ್ಷರ. ದಿನ, ತಿಂಗಳು, ಇಸವಿಯ ನಡುವೆ ಓರೆಗೆರೆ. ಇಸವಿ ಮತ್ತು ಗಂಟೆಯ ನಡುವೆ ಕೋಲನ್. ಕೊನೆಯಲ್ಲಿ ಟೈಮ್‌ಜೋನ್ ಇದೆ, ಅದೊಂದು ಪುಣ್ಯ.

ಹಾಗೇ ಕೊಟ್ಟರೆ ಗ್ನೂ ಡೇಟ್ ಇದನ್ನು ಓದುವುದಿಲ್ಲ. ಅಡ್ಡಿ ಎರಡೇ: ಓರೆಗೆರೆಗಳು ಮತ್ತು ಮೊದಲ ಕೋಲನ್. ಸಾಲಿನೊಳಗಿನ ಅಕ್ಷರ ಬದಲಿಸುವ ಸೆಡ್ ಕಮಾಂಡಿನಲ್ಲಿ ಓರೆಗೆರೆಗಳನ್ನೆಲ್ಲ ಖಾಲಿ ಜಾಗ ಮಾಡಿ, ಅದಕ್ಕೆ ಕೊನೆಯಲ್ಲಿ ಜಿ ಬೇಕು. ಕೋಲನ್ನನ್ನೂ ಖಾಲಿ ಜಾಗ ಮಾಡಿ, ಇದಕ್ಕೆ ಜಿ ಹಾಕಬೇಡಿ. ಜಿ ಇಲ್ಲದ ಸೆಡ್ ಸಾಲಿನಲ್ಲಿ ಮೊದಲು ಸಿಕ್ಕಿದ್ದನ್ನು ಮಾತ್ರ ಬದಲಿಸುತ್ತದೆ, ನಮಗೆ ಬೇಕಾದ್ದೂ ಅಷ್ಟೇ. ಈಗ ಕೈಯಲ್ಲಿರುವುದು: 05 ಏಪ್ರ 2024 14:30:09 +0530. ಇದನ್ನು ಡೇಟ್ ಸಂತೋಷವಾಗಿ ಓದುತ್ತದೆ. ತಿಂಗಳು ಅಕ್ಷರದಲ್ಲಿರುವುದರಿಂದ ದಿನ ಯಾವುದು, ತಿಂಗಳು ಯಾವುದು ಎಂಬ ಗೊಂದಲವಿಲ್ಲ. ಸಿಗುವ ಸಂಖ್ಯೆ 1712307609. ಇದನ್ನು ಜಗತ್ತಿನ ಯಾವ ಮೂಲೆಯ ಮಶೀನಿನಲ್ಲಿ ಓಡಿಸಿದರೂ ಇದೇ ಬರುತ್ತದೆ, +0530 ಸಾಲಿನಲ್ಲೇ ಇದೆಯಲ್ಲ.

ಸಿಸ್ಟಮ್ ತನ್ನ ಆಗುಹೋಗು ಬರೆದಿಡುವ ಹಳೆಯ ಸಿಸ್‌ಲಾಗ್ ಸಾಲು ಇಷ್ಟು ಒಳ್ಳೆಯದಲ್ಲ. ಅದರಲ್ಲಿ ತಿಂಗಳು, ದಿನ, ವೇಳೆ ಇರುತ್ತದೆ, ಇಸವಿ ಇರುವುದಿಲ್ಲ. ಡೇಟ್ ಈಗಿನ ಇಸವಿಯನ್ನೇ ಹಾಕಿಕೊಳ್ಳುತ್ತದೆ. ಜನವರಿ 2ರಂದು ಕೂತು ಡಿಸೆಂಬರ್ 30ರ ಲಾಗ್ ಓದಿಸಿದರೆ ಹೆಚ್ಚುಕಡಿಮೆ ಒಂದು ವರ್ಷ ಮುಂದಿನ ವೇಳೆ ಬರುತ್ತದೆ. ಬಂದ ಸಂಖ್ಯೆ ಈಗಿನ ಸಂಖ್ಯೆಗಿಂತ ದೊಡ್ಡದಾಗಿದ್ದರೆ ಇಸವಿಯಲ್ಲಿ ಒಂದು ಕಳೆದು ಮತ್ತೆ ಓದಿಸಿ. ನಡೆದು ಹೋದದ್ದನ್ನು ತಾನೇ ಲಾಗ್ ಬರೆಯುವುದು.

ಯಾವ ಊರಿನ ಗಡಿಯಾರ?

ಇಷ್ಟು ಹೊತ್ತು 2024-04-05 ಸರಿಯಾದ ರೂಪ ಎಂದು ಹೇಳಿದೆ. ಅದರಲ್ಲೂ ಒಂದು ಊಹೆ ಉಳಿದಿದೆ. ಯಾವ ಊರಿನ ಏಪ್ರಿಲ್ 5? ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಸಂಖ್ಯೆ ಮಾಡಿದರೆ 1712255400. ಕ್ಲೌಡಿನ ಸರ್ವರಿನಲ್ಲಿ ಮಾಡಿದರೆ 1712275200. ವ್ಯತ್ಯಾಸ 19800 ಸೆಕೆಂಡು, ಸರಿಯಾಗಿ ಐದೂವರೆ ಗಂಟೆ. ಲ್ಯಾಪ್‌ಟಾಪ್ ಭಾರತದ ವೇಳೆಯಲ್ಲಿದೆ, ಸರ್ವರ್ ಯುಟಿಸಿಯಲ್ಲಿದೆ. ಸರ್ವರುಗಳು, ಕಂಟೇನರುಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುತ್ತವೆ. "ನನ್ನ ಮಶೀನಿನಲ್ಲಿ ಸರಿ ಬರ್ತಿದೆ" ಎನ್ನುವ ತಾರೀಕಿನ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಈ 19800ನ್ನೇ. ವ್ಯತ್ಯಾಸ ಅಷ್ಟೇ ಬಂದರೆ ಬೇರೆಲ್ಲೂ ಹುಡುಕುವುದು ಬೇಡ.

ಊರನ್ನು ಹೇಳಲು ಟಿಜೆಡ್ ಎಂಬ ವೇರಿಯೇಬಲ್ ಇದೆ. ಅದೇ ಸಾಲಿನಲ್ಲಿ, ಕಮಾಂಡಿಗೆ ಮೊದಲು, ಅದಕ್ಕೆ ಏಷ್ಯಾ/ಕೋಲ್ಕತಾ ಎಂದು ಕೊಟ್ಟರೆ ಆ ಒಂದು ಕಮಾಂಡಿಗೆ ಮಾತ್ರ ಅನ್ವಯಿಸುತ್ತದೆ. ಭಾರತಕ್ಕೆಲ್ಲ ಇದೊಂದೇ ಹೆಸರು. ಹಳೆಯ ಏಷ್ಯಾ/ಕ್ಯಾಲ್ಕಟಾ ಕೂಡ ನಡೆಯುತ್ತದೆ. ಏಷ್ಯಾ/ಬೆಂಗಳೂರು ಎಂಬ ಹೆಸರಿಲ್ಲ. ಇಲ್ಲದ ಹೆಸರನ್ನು ಕೊಟ್ಟರೆ ಲಿನಕ್ಸ್ ತಪ್ಪು ಎಂದು ಹೇಳುವುದಿಲ್ಲ. ಯುಟಿಸಿ ವೇಳೆಯನ್ನೇ ತೋರಿಸಿ, ಪಕ್ಕದಲ್ಲಿ ಜೋನಿನ ಹೆಸರು 'ಏಷ್ಯಾ' ಎಂದು ಬರೆಯುತ್ತದೆ. ಆಲ್ಪೈನ್ ಲಿನಕ್ಸಿನಂಥ ಚಿಕ್ಕ ಕಂಟೇನರಿನಲ್ಲಿ ಸರಿಯಾದ ಹೆಸರು ಕೊಟ್ಟರೂ ಯುಟಿಸಿಯೇ ಬರಬಹುದು. ಅಲ್ಲಿ ಊರೂರಿನ ವೇಳೆಯ ವಿವರ ಇರುವ ಟಿಜೆಡ್‌ಡೇಟಾ ಎಂಬ ಪ್ಯಾಕೇಜನ್ನು ನಾವೇ ಹಾಕಿಕೊಳ್ಳಬೇಕು.

ಜಿಎಂಟಿ+5:30 ಎಂದು ಬರೆಯುವವರು ಜಾಸ್ತಿ. ಅದು ತಲೆಕೆಳಗು. ಈ ಹಳೆಯ ಬರವಣಿಗೆಯಲ್ಲಿ ಪ್ಲಸ್ ಎಂದರೆ ಗ್ರೀನಿಚ್‌ನ ಪಶ್ಚಿಮಕ್ಕೆ. ಹಾಗಾಗಿ ನಮ್ಮ ವೇಳೆಗಿಂತ ಹನ್ನೊಂದು ಗಂಟೆ ಹಿಂದಿನದು ಬರುತ್ತದೆ. ಐಎಸ್‌ಟಿ ಎಂಬ ಮೂರಕ್ಷರವನ್ನೂ ನಂಬಬೇಡಿ. ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ಅದನ್ನು ಬಳಸುತ್ತವೆ. ಫೈಲಿಗೆ ಬರೆಯುವಾಗ ಸಂಖ್ಯೆಯಲ್ಲೇ +0530 ಎಂದು ಬರೆಯಿರಿ, ಅದಕ್ಕೆ ಪರ್ಸೆಂಟ್ ಸ್ಮಾಲ್ ಜೆಡ್ ಇದೆ.

ನಮ್ಮಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಗಡಿಯಾರ ಇಲ್ಲ. ಅದಕ್ಕೇ ನಾವು ಬರೆದ ಸ್ಕ್ರಿಪ್ಟುಗಳು ಹೊರದೇಶದ ವೇಳೆಯಲ್ಲಿ ಎಡವುತ್ತವೆ. ಬೆಂಗಳೂರಿನಲ್ಲಿ ಕೂತು ನ್ಯೂಯಾರ್ಕಿನವರ ಜೊತೆ ಕೆಲಸ ಮಾಡುವವರಿಗೆ ಇದು ಗೊತ್ತು. 2024ರ ಮಾರ್ಚ್ 5ರಂದು ಅಲ್ಲಿನ ಬೆಳಿಗ್ಗೆ 9 ಗಂಟೆಯ ಮೀಟಿಂಗ್ ನಮಗೆ ಸಂಜೆ 7:30. ಮಾರ್ಚ್ 12ರಂದು ಅದೇ ಮೀಟಿಂಗ್ 6:30. ನಡುವೆ, ಮಾರ್ಚ್ 10ರಂದು, ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ್ದರು. ಆದ್ದರಿಂದ ಸ್ಕ್ರಿಪ್ಟಿನಲ್ಲಿ ಒಂಬತ್ತೂವರೆಯೋ ಹತ್ತೂವರೆಯೋ ಗಂಟೆಯನ್ನು ಕೈಯಾರೆ ಕೂಡಬೇಡಿ. ಅಮೆರಿಕ/ನ್ಯೂಯಾರ್ಕ್ ಎಂಬ ಜೋನಿನಲ್ಲಿ ಓದಿಸಿ ಸಂಖ್ಯೆ ಪಡೆಯಿರಿ, ಆ ಸಂಖ್ಯೆಯನ್ನು ಏಷ್ಯಾ/ಕೋಲ್ಕತಾದಲ್ಲಿ ಬರೆಸಿ. ಯಾವ ದಿನ ಎಷ್ಟು ವ್ಯತ್ಯಾಸ ಎಂಬುದು ಟಿಜೆಡ್‌ಡೇಟಾಗೆ ಗೊತ್ತಿದೆ.

ಕೂಡುವುದು, ಕಳೆಯುವುದು

ಎರಡು ತಾರೀಕಿನ ನಡುವೆ ಎಷ್ಟು ದಿನ? ಎರಡನ್ನೂ ಸಂಖ್ಯೆ ಮಾಡಿ, ಕಳೆದು, 86400ರಿಂದ ಭಾಗಿಸಿ. ಆದರೆ ಮೈನಸ್ ಯು ಹಾಕಿಯೇ ಮಾಡಿ. ನ್ಯೂಯಾರ್ಕ್ ವೇಳೆಯಲ್ಲಿರುವ ಮಶೀನಿನಲ್ಲಿ 2024ರ ಮಾರ್ಚ್ 9ರಿಂದ 11ರ ತನಕ ಲೆಕ್ಕ ಹಾಕಿದರೆ 47 ಗಂಟೆ ಬರುತ್ತದೆ. ಶೆಲ್‌ನ ಭಾಗಾಕಾರದಲ್ಲಿ ದಶಾಂಶ ಇಲ್ಲ, ಉತ್ತರ 1 ದಿನ. ಯುಟಿಸಿಯಲ್ಲಿ ಎಲ್ಲ ದಿನವೂ 86400 ಸೆಕೆಂಡೇ, ಉತ್ತರ 2.

ತಿಂಗಳ ಲೆಕ್ಕ ಇನ್ನೂ ಜಾರುತ್ತದೆ. 2024ರ ಮಾರ್ಚ್ 31ರಂದು 'ಒಂದು ತಿಂಗಳ ಹಿಂದೆ' ಎಂದು ಕೇಳಿದರೆ ಗ್ನೂ ಡೇಟ್ ಫೆಬ್ರವರಿ 31 ಎಂದು ಲೆಕ್ಕ ಹಾಕಿ, ಅದು ಇಲ್ಲವಾದ್ದರಿಂದ ಮುಂದಕ್ಕೆ ಉರುಳಿ ಮಾರ್ಚ್ 2ಕ್ಕೆ ನಿಲ್ಲುತ್ತದೆ. ಕಳೆದ ತಿಂಗಳ ವರದಿ ತಯಾರಿಸುವ ಸ್ಕ್ರಿಪ್ಟ್ ಈ ತಿಂಗಳ ಹೆಸರನ್ನೇ ಹಾಕಿರುತ್ತದೆ. ಮೊದಲು ಈ ತಿಂಗಳ 15ಕ್ಕೆ ಬನ್ನಿ, ಆಮೇಲೆ ಒಂದು ತಿಂಗಳು ಕಳೆಯಿರಿ. ತಿಂಗಳ ನಡುವೆ ನಿಂತು ಹಿಂದಕ್ಕೆ ಹೆಜ್ಜೆ ಇಟ್ಟರೆ ಜಾರುವುದಿಲ್ಲ.

ನನ್ನನ್ನು ಬಹಳ ಹೊತ್ತು ಕೂರಿಸಿದ್ದು ಇದು. ಬೆಳಿಗ್ಗೆ 10ಕ್ಕೆ 5 ಗಂಟೆ ಕೂಡಬೇಕಿತ್ತು. ಕೋಟ್‌ಗಳ ಒಳಗೆ 2024-04-05 10:00 ಬರೆದು, ಮುಂದೆ +5 ಅವರ್ಸ್ ಎಂದು ಬರೆದೆ. 15:00 ಬರಬೇಕಿತ್ತು, 11:30 ಬಂತು. ವೇಳೆ ಆದ ಕೂಡಲೇ ಬಂದ +5ನ್ನು ಡೇಟ್ ಟೈಮ್‌ಜೋನ್ ಎಂದು ಓದುತ್ತದೆ. ಉಳಿದ 'ಅವರ್ಸ್' ಎಂಬುದನ್ನು ಒಂದು ಗಂಟೆ ಎಂದುಕೊಳ್ಳುತ್ತದೆ. ಅಂದರೆ ಯುಟಿಸಿಗಿಂತ 5 ಗಂಟೆ ಮುಂದಿರುವ ಊರಿನ 10 ಗಂಟೆಗೆ ಇನ್ನೊಂದು ಗಂಟೆ ಸೇರಿಸಿ, ನಮ್ಮ ವೇಳೆಯಲ್ಲಿ ತೋರಿಸಿದೆ. ಮೈನಸ್ ಮೈನಸ್ ಡಿಬಗ್ ಎಂಬ ಆಯ್ಕೆ ಕೊಟ್ಟರೆ ಡೇಟ್ ತಾನು ಯಾವುದನ್ನು ಏನೆಂದು ಓದಿತು ಎಂದು ಒಂದೊಂದಾಗಿ ಹೇಳುತ್ತದೆ, ನನಗೆ ಇದು ತಿಳಿದದ್ದೂ ಹಾಗೇ. ಈಗ ನಾನು ಸಂಖ್ಯೆ ಮಾಡಿಕೊಂಡು ಅದಕ್ಕೆ 5×3600 ಕೂಡುತ್ತೇನೆ. ಅಲ್ಲಿ ತಪ್ಪು ಓದಲು ಏನೂ ಇಲ್ಲ.

ಇನ್ನೊಂದು ದೋಷ ದಿನದಲ್ಲಿ ಎರಡೇ ಗಂಟೆ ಕಾಣಿಸಿಕೊಳ್ಳುತ್ತದೆ. ಗಂಟೆಯನ್ನು ಪರ್ಸೆಂಟ್ ಕ್ಯಾಪಿಟಲ್ ಎಚ್‌ನಿಂದ ಪಡೆದು ಲೆಕ್ಕಕ್ಕೆ ಹಾಕುವ ಸ್ಕ್ರಿಪ್ಟ್ 7:59ರ ತನಕ ಸರಿಯಾಗಿ ಓಡುತ್ತದೆ. 8 ಗಂಟೆಗೆ ಬೀಳುತ್ತದೆ. 10ಕ್ಕೆ ತಾನೇ ಸರಿಹೋಗುತ್ತದೆ. ಬ್ಯಾಶ್‌ನಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಆಕ್ಟಲ್, ಅಂದರೆ ಎಂಟರ ಲೆಕ್ಕ. ಅಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ, ಹಾಗಾಗಿ 08, 09 ಎರರ್. ತಿಂಗಳಲ್ಲಾದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೀಗಾಗುತ್ತದೆ. ಲೆಕ್ಕದೊಳಗೆ ಸಂಖ್ಯೆಗೆ ಮೊದಲು 10# ಸೇರಿಸಿದರೆ ಹತ್ತರ ಲೆಕ್ಕದಲ್ಲೇ ಓದುತ್ತದೆ.

ಬೇರೆ ಮಶೀನು, ಬೇರೆ ಸಂಖ್ಯೆ

ಮೈನಸ್ ಡಿ ಎಂಬುದು ಗ್ನೂ ಡೇಟ್‌ನದು, ಯುನಿಕ್ಸ್ ಬಗೆಯ ಸಿಸ್ಟಮ್‌ಗಳಿಗೆಲ್ಲ ಸಾಮಾನ್ಯವಾದ ಪೋಸಿಕ್ಸ್ ಮಾನಕದಲ್ಲಿ ಇಲ್ಲ. ಮ್ಯಾಕ್‌ನಲ್ಲಿರುವುದು ಬಿಎಸ್‌ಡಿ ಡೇಟ್. ಅಲ್ಲಿ ಓದಿಸಲು ಮೈನಸ್ ಜೆ, ಮೈನಸ್ ಎಫ್ ಕೊಟ್ಟು, ಬಂದಿರುವ ರೂಪ ಯಾವುದು ಎಂದು ಪರ್ಸೆಂಟ್ ಅಕ್ಷರಗಳಲ್ಲಿ ಹೇಳಬೇಕು. ಎಪಕ್ ಸೆಕೆಂಡ್ ಕೊಡಲು ಮೈನಸ್ ಆರ್. ನನಗೆ ಬಿಎಸ್‌ಡಿಯ ರೀತಿಯೇ ಹೆಚ್ಚು ಇಷ್ಟ, ದಿನ ಮೊದಲೋ ತಿಂಗಳು ಮೊದಲೋ ಎಂದು ನಾವೇ ಹೇಳುತ್ತೇವೆ. ಆದರೆ ಅಲ್ಲೂ ಒಂದು ಊಹೆ ಇದೆ. ಬರೀ ತಾರೀಕು ಕೊಟ್ಟು ವೇಳೆ ಕೊಡದಿದ್ದರೆ ಮಧ್ಯರಾತ್ರಿ ಎಂದುಕೊಳ್ಳುವುದಿಲ್ಲ, ಈಗಿನ ಗಂಟೆ ನಿಮಿಷಗಳನ್ನೇ ತುಂಬಿಕೊಳ್ಳುತ್ತದೆ. 00:00:00 ಎಂದು ಬಿಡಿಸಿ ಹೇಳಿ. ಸ್ಕ್ರಿಪ್ಟ್ ಎರಡೂ ಕಡೆ ಓಡಬೇಕಿದ್ದರೆ ಮ್ಯಾಕ್‌ನಲ್ಲಿ ಗ್ನೂ ಕಮಾಂಡುಗಳ ಕೋರ್‌ಯುಟಿಲ್ಸ್ ಹಾಕಿಕೊಂಡು ಅದರ ಡೇಟ್ ಆದ ಜಿಡೇಟ್ ಬಳಸುವುದು ನೇರವಾದ ದಾರಿ.

ಸಂಖ್ಯೆಯೇ ಬಂದರೂ ಅದರ ಅಂಕಿ ಎಣಿಸಿ. ಹತ್ತು ಅಂಕಿ ಇದ್ದರೆ ಸೆಕೆಂಡು. ಜಾವಾ, ಜಾವಾಸ್ಕ್ರಿಪ್ಟ್ ಕಡೆಯಿಂದ ಬರುವುದು ಹದಿಮೂರು ಅಂಕಿಯ ಮಿಲಿಸೆಕೆಂಡು. 1712307609000ನ್ನು ಹಾಗೇ @ ಹಾಕಿ ಕೊಟ್ಟರೆ 56 ಸಾವಿರ ದಾಟಿದ ಇಸವಿ ಬರುತ್ತದೆ. 1000ದಿಂದ ಭಾಗಿಸಿ. ಎಕ್ಸೆಲ್‌ನಿಂದ ಬಂದ ಫೈಲಿನಲ್ಲಿ ತಾರೀಕಿನ ಜಾಗದಲ್ಲಿ 45387 ಎಂಬಂಥ ಐದಂಕಿ ಕಂಡರೆ ಗಾಬರಿ ಬೇಡ, ಅದು ದಿನಗಳ ಎಣಿಕೆ. ಅದರಲ್ಲಿ 1970ರ ಜನವರಿ 1 ಎಂದರೆ 25569. ಅಷ್ಟು ಕಳೆದು 86400ರಿಂದ ಗುಣಿಸಿ, ಯುಟಿಸಿಯಲ್ಲಿ ಬರೆಸಿದರೆ 2024-04-05 ಬರುತ್ತದೆ.

ಲಕ್ಷ ಸಾಲು ಇದ್ದಾಗ ಸಾಲಿಗೊಂದು ಸಲ ಡೇಟ್ ಕರೆದರೆ ಲಕ್ಷ ಪ್ರೋಸೆಸ್ ಹುಟ್ಟುತ್ತವೆ, ಕಾಯುವುದೇ ಕೆಲಸವಾಗುತ್ತದೆ. ಗ್ನೂ ಡೇಟ್‌ಗೆ ಮೈನಸ್ ಎಫ್ ಕೊಟ್ಟರೆ ಫೈಲಿನ ಎಲ್ಲ ತಾರೀಕುಗಳನ್ನೂ ಒಂದೇ ಸಲಕ್ಕೆ ಓದುತ್ತದೆ. ಇನ್ನೂ ಹಿಡಿತ ಬೇಕಿದ್ದರೆ ಸಾಲು ಸಾಲಾಗಿ ಫೈಲು ಓದುವ ಗಾಕ್ ಎಂಬ ಭಾಷೆಯಲ್ಲಿ ಸಂಖ್ಯೆ ಮಾಡಲು ಎಂಕೆಟೈಮ್, ಬರೆಯಲು ಎಸ್‌ಟಿಆರ್‌ಎಫ್‌ಟೈಮ್ ಇವೆ.

ಹೇಳಿದ ವೇಳೆಗೆ ತಾನೇ ಓಡಲಿ ಎಂದು ಸ್ಕ್ರಿಪ್ಟನ್ನು ಕ್ರಾನ್‌ಗೆ ಹಾಕುವಾಗ ಒಂದು ಎಚ್ಚರ. ಕ್ರಾನ್‌ಟ್ಯಾಬಿನ ಸಾಲಿನಲ್ಲಿ ಪರ್ಸೆಂಟ್ ಚಿಹ್ನೆಗೆ ಬೇರೆ ಅರ್ಥವಿದೆ, ಅಲ್ಲಿಗೆ ಕಮಾಂಡ್ ಮುಗಿಯಿತು ಎಂದು ಕ್ರಾನ್ ತಿಳಿಯುತ್ತದೆ. ಟರ್ಮಿನಲ್ಲಿನಲ್ಲಿ ಚೆನ್ನಾಗಿ ಓಡಿದ ಬ್ಯಾಕಪ್ ಕಮಾಂಡ್ ರಾತ್ರಿ ಓಡದಿರುವುದು ಹೀಗೆ. ಪ್ರತಿ ಪರ್ಸೆಂಟಿಗೆ ಮೊದಲು ಒಂದು ಬ್ಯಾಕ್‌ಸ್ಲಾಶ್ ಹಾಕಿ, ಇಲ್ಲವೇ ಕಮಾಂಡನ್ನು ಸ್ಕ್ರಿಪ್ಟ್ ಫೈಲಿನಲ್ಲಿಟ್ಟು ಅದರ ಹೆಸರನ್ನು ಮಾತ್ರ ಕ್ರಾನ್‌ಟ್ಯಾಬಿನಲ್ಲಿ ಬರೆಯಿರಿ.

ಕನ್ನಡದ ತಾರೀಕು

ಮಶೀನಿನಲ್ಲಿ ಕನ್ನಡ ಲೊಕೇಲ್, ಅಂದರೆ ಕನ್ನಡ ಭಾಷೆಯ ಸೆಟ್ಟಿಂಗ್, ಇದ್ದರೆ ಡೇಟ್ ತಿಂಗಳ ಹೆಸರು, ವಾರದ ಹೆಸರನ್ನು ಕನ್ನಡದಲ್ಲೇ ಬರೆಯುತ್ತದೆ. ಕನ್ನಡದ ವರದಿಗೆ ಅದು ಬಹಳ ಚೆಂದ. ಆದರೆ ಬರೆದದ್ದನ್ನು ಅದೇ ತಿರುಗಿ ಓದಲಾರದು. ಮೈನಸ್ ಡಿ ಓದುವುದು ಇಂಗ್ಲಿಷ್ ಹೆಸರುಗಳನ್ನು ಮಾತ್ರ. ಹಾಗಾಗಿ ಮತ್ತೊಂದು ಕಮಾಂಡ್ ಓದಬೇಕಾದ ತಾರೀಕನ್ನು ಎಲ್‌ಸಿ ಆಲ್ ವೇರಿಯೇಬಲ್ಲಿಗೆ ಕ್ಯಾಪಿಟಲ್ ಸಿ ಕೊಟ್ಟು ಬರೆಸಿ, ಆಗ ಯಾವ ಮಶೀನಿನಲ್ಲೂ ಇಂಗ್ಲಿಷೇ ಬರುತ್ತದೆ.

ಕನ್ನಡ ಅಂಕಿಗಳನ್ನೂ ಡೇಟ್ ಓದುವುದಿಲ್ಲ. ಒಂದು ಪಟ್ಟಿಯಲ್ಲಿ ೦೫-೦೪-೨೦೨೪ ಎಂದು ಟೈಪ್ ಮಾಡಿದ್ದಾರೆ ಅಂದುಕೊಳ್ಳಿ. ಅಂಕಿ ಬದಲಿಸಲು ಎಲ್ಲರ ಕೈ ಮೊದಲು ಹೋಗುವುದು ಟಿಆರ್ ಕಮಾಂಡಿಗೆ. ಗ್ನೂ ಟಿಆರ್ ಬೈಟ್ ಬೈಟಾಗಿ ಕೆಲಸ ಮಾಡುತ್ತದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಂಕಿಯೂ ಮೂರು ಬೈಟು, ಹಾಗಾಗಿ ಅದು ಸಾಲನ್ನು ಕೆಡಿಸುತ್ತದೆ. ಸೆಡ್‌ನ ವೈ ಎಂಬ ಆಜ್ಞೆ ಅಕ್ಷರ ನೋಡಿ ಬದಲಿಸುತ್ತದೆ: ಸ್ಮಾಲ್ ವೈ, ಓರೆಗೆರೆ, ೦೧೨೩೪೫೬೭೮೯, ಓರೆಗೆರೆ, 0123456789, ಓರೆಗೆರೆ. ಇದಕ್ಕೆ ಲೊಕೇಲ್ ಯುಟಿಎಫ್-8 ಇರಲೇಬೇಕು. ಈಗಷ್ಟೇ ಹೇಳಿದ ಎಲ್‌ಸಿ ಆಲ್ ಸಿಯನ್ನು ಇಡೀ ಸ್ಕ್ರಿಪ್ಟಿಗೆ ಹಾಕಿದ್ದರೆ ಎರಡು ಪಟ್ಟಿಯ ಉದ್ದ ಹೊಂದುತ್ತಿಲ್ಲ ಎಂದು ಸೆಡ್ ನಿಂತುಬಿಡುತ್ತದೆ. ಆ ವೇರಿಯೇಬಲನ್ನು ಡೇಟ್ ಕಮಾಂಡಿನ ಸಾಲಿನಲ್ಲಿ, ಅದಕ್ಕೆ ಮೊದಲು ಮಾತ್ರ ಇಡಿ. ಆಗ ಸೆಡ್ 05-04-2024 ಕೊಡುತ್ತದೆ, ಐಎಫ್‌ಎಸ್‌ಗೆ ಅಡ್ಡಗೆರೆ ಹಾಕಿ ರೀಡ್ ಅದನ್ನು ಮೂರು ತುಂಡು ಮಾಡುತ್ತದೆ, ತಿರುಗಿಸಿ ಜೋಡಿಸಿದರೆ ಡೇಟ್ ಕೈಗೆ ಹೋಗುವುದು 2024-04-05.